ಹದಿನಾರಾಣೆ ಲೆಕ್ಕ

ಸೊಸೈಟಿಯವರು ಮೂಲಿಗೆ ಒಗೆದಿದ್ದ ಕಂಪ್ಯೂಟರು
ಎಂಟುನೂರಕ್ಕ ಕೊಂಡು, ಸೈಕಲ್ ಕ್ಯಾರಿಯರಿಗೆ
ಅವ್ವನ ಹಳೇ ಸೀರಿಯಿಂದ ಬಿಗಿದು
ಬನಹಟ್ಟಿಯ ಮಂಗಳವಾರ ಪೇಟೆ ದಾಟಿಸಿ ತಂದೆ.
ನೋಡಿದವರು ಟೀವಿ ಅಂದ್ಕೊಂಡರು.
ನಾನೂ ತಿದ್ದಲಿಲ್ಲ.

ಫ್ಲಾಪಿ ಕೊಟ್ಟಾವ ಟೈಪಿಂಗ್ ಕ್ಲಾಸಿನ ದಸ್ತಗೀರ.
"ಇದರಾಗ ಹಾಡು ಕೇಳೂದಲ್ಲ, ಬರಿಯೂದು.
ತಿಳೀದಿದ್ರ ನನ್ನ ಕೇಳಬ್ಯಾಡ,
ನನಗೂ ತಿಳಿದಿಲ್ಲ."

ತೆರೆದರ ಕರೇ ಪರದೆ, ನಾಕು ಕಂಬ,
ಮ್ಯಾಲಿಂದ ಕೆಳತನಕ ಅಂಕಿ, ಗೀಟು, ಗೀಟು, ಅಂಕಿ.
ಪೇಟಿ ಇಲ್ಲ, ತಬಲಾ ಇಲ್ಲ,
ಮೀಟಾಕ ಒಂದು ತಂತಿ ಸೈತ ಇಲ್ಲ.
ಅರವತ್ನಾಲ್ಕು ಸಾಲು ಇಳದರ ಒಂದು ಹಾಳಿ.
ಒಂಬತ್ತಾದ ಮ್ಯಾಲ ಹತ್ತು ಬರೂದಿಲ್ಲ, ಎ ಬರತೈತಿ,
ಎಫ್ ದಾಟಿದ ಮ್ಯಾಲ ಹತ್ತು,
ಆ ಹತ್ತು ಅಂದ್ರ ಹದಿನಾರು.
ಒಂದು ಮಳಿಗಾಲ ಬರೇ ಇದಕ್ಕ ಹೋತು.

ಫ್ಲಾಪಿಯೊಳಗ ಯಾವುದೋ ದೇಶದವನ ಹಾಡೊಂದಿತ್ತು.
ಬಿಚ್ಚಿದರ ಒಳಗಿನ ಹೊಲಿಗಿ ಎಲ್ಲಾ ಕಾಣತಿತ್ತು.
ದನಿಗಳಿಗೆ ಹೆಸರಿಡೂ ಜಾಗದಾಗ
ಅಂವ ಹೆಸರಿಡದ ಬರೆದಿದ್ದ, ಡಿಕ್ಷನರಿ ಹಿಡಿದು ಓದಿದೆ:
ಹೊರಗ ಹಿಮ ಬೀಳಾಕತ್ತೈತಿ
ನಿದ್ದಿ ಬರವಲ್ದು
ಯಾರರೆ ಕೇಳತೀರೇನು

ನನಗ ದನಿ ಬೇಕಲ್ಲ? ಲಗ್ನದ ವಿಡಿಯೋ ಹಿಡಿಯೂ ಕಾಡಪ್ಪ
ಸವೆದ ಮೈಕೊಂದು ಬಿಟ್ಟುಕೊಟ್ಟ.
ಹಿತ್ತಾಳಿ ಚರಗಿ ಬಡಿದು ಹಿಡಿದೆ.
ಬಾವಿ ಗಾಲಿ ಕಿರ್ರೆಂದದ್ದು ಹಿಡಿದೆ.
ರೊಟ್ಟಿ ಬಡಿಯೂ ಸಪ್ಪಳ ಹಿಡಿಯಾಕ ಹೋದರ
ಅವ್ವ ಅಂದಳು: "ತಿನ್ನೂದು ಬಿಟ್ಟು ಇದೆಂಥ ಹಸಿವೋ ನಿಂದು."
ಯಾವ ದನಿ ಹಿಡಿದರೂ ಅದರ ಹಿಂದ
ಓಣಿಯ ಮಗ್ಗ: ಖಟಲ್ ಪಟಲ್, ಖಟಲ್ ಪಟಲ್.
ಬಾಗಿಲಾ ಹಾಕಿದೆ, ಕೌದಿ ಹೊಚ್ಚಿಕೊಂಡೆ,
ನಡುರಾತ್ರಿ ಎರಡಕ್ಕ ಎದ್ದೆ.
ಸೋತು, ಅದನ್ನ ಮೊದಲನೇ ಕಂಬಕ್ಕ ಕಟ್ಟಿದೆ.
ಹಾಡು ತಾನಾಗಿ ನಡೀತು.

ಉಳಿಸೂದರಾಗ ಕರೆಂಟ್ ಹೋತು.
ಓಣಿಯ ನೂರು ಮಗ್ಗ ಒಮ್ಮೆಗೇ ನಿಂತವು.
ಹಾಡು ಹೋದದ್ದಕ್ಕಿಂತ ಆ ನಿಂತದ್ದು ಕಾಡಿತು:
ಅಷ್ಟು ದೊಡ್ಡದನ್ನ
ಯಾವ ಕಂಬದಾಗ, ಎಷ್ಟು ಗೀಟು ಹಾಕಿ ಬರೀಲಿ?

ಕಂಡಿಕಿ ಸುತ್ತಾಕ ಬರತಿದ್ದ ಬಾಳವ್ವಾಯಿ
ಒಂದಿನ ಬೆನ್ನ ಹಿಂದ ನಿಂತು ನೋಡಿದಳು.
ಅಕ್ಷರ ಬಾರದಾಕಿ. ಹದಿನಾರರ ಕಟ್ಟು ತಿಳಿಸಿದೆ,
ಅರವತ್ನಾಲ್ಕಕ್ಕ ಹಾಳಿ ಮುಗಿಯೂದು ತಿಳಿಸಿದೆ.
"ಅಯ್ಯ, ಇದಕ್ಕೇನು ಶಾಣ್ಯಾತನ?
ನಾಕು ಪೈಸೆಕ್ಕ ಆಣೆ, ಹದಿನಾರಾಣೆಗೆ ರೂಪಾಯಿ.
ನಿಮ್ಮಪ್ಪ ಹುಟ್ಟೂಕಿಂತ ಮೊದಲಿನ ಸಂತಿ ಲೆಕ್ಕ."
ನನಗ ಮಳಿಗಾಲ ಹಿಡಿದದ್ದು
ಅಕಿಗೆ ಒಂದು ಎಲಿ ಅಗಿದು ಮುಗಿಯೂದರಾಗ ಆತು.

ಹಾಡು ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದಳು,
ಎಳಿ ಕಡದ ಮಗ್ಗವನ್ನ ಆಚಿ ಮನಿಯಿಂದ
ಗುರ್ತು ಹಿಡಿಯೂ ಕಿವಿಯಿಂದ.
"ಹನ್ನೊಂದನೇ ಆಣೆಯೊಳಗ ಒಂದು ಪೈಸೆ ಕಮ್ಮಿ ಐತಿ."
ನೋಡಿದೆ. ಎರಡು-ಎ ಸಾಲು.
ಮೂರು ಗೀಟು. ನಾ ಮರೆತದ್ದು.
"ಚಂದ ಐತೇನಾಯಿ?"
"ಚಂದ ಗಿಂದ ನನಗ ತಿಳೀದು. ಲೆಕ್ಕ ಕೂಡಬೇಕು."

ಆಮ್ಯಾಲ ಹೊಸ ಮಷೀನು, ಎಣಿಸಲಾರದಷ್ಟು ಕಂಬ,
ಕುದುರಿಯಿಂದ ಕಡಲಿನತನಕ ತಯಾರ್ ದನಿ.
ಎರಡು ವರ್ಷ ಒಂದೂ ಹಾಡು ಮುಗೀಲಿಲ್ಲ.
ಮತ್ತ ನಾಕಕ್ಕ ಬಂದೆ.

ದಸ್ತಗೀರನ ಫ್ಲಾಪಿಗೆ ಬೂಷ್ಟು ಹಿಡದೈತಿ.
ಹಗಲು ಸೊಸೈಟಿಯ ಪಾಸ್‌ಬುಕ್ಕು ತುಂಬತೇನಿ,
ರಾತ್ರಿ ಕಂಬ.
ಹೆಸರಿನ ಜಾಗದಾಗ ಬರೀತೇನಿ:
ಓಣ್ಯಾಗ ಮಗ್ಗ ನಡದಾವ
ಹಿಮ ನೋಡಿಲ್ಲ
ಕೇಳೇನಿ
ಹನ್ನೊಂದನೇ ಆಣೆಯ ಆ ಒಂದು ಪೈಸೆ
ಎಲ್ಲಾ ಹಾಡಿನಾಗೂ ಬೇಕಂತಲೇ ಬಿಡತೇನಿ.
ಕೇಳಿದವರು ಛಲೋ ಐತಿ ಅಂತಾರ.
ಕಮ್ಮಿ ಐತಿ ಅಂದವರು
ಇನ್ನೂ ಯಾರೂ ಇಲ್ಲ.