ಬಿಲ್ಲಿಗೆ ಬಾರದ ಕೆಲಸ

ಕರಡಿಯನ್ನು ಹಿಂದಿನ ಕೋಣೆಗೆ ಅಟ್ಟಿ
ಎರಡು ಬೀಗ ಜಡಿದು, ಜಗ್ಗಿ ನೋಡಿ
ಆಮೇಲೆ ಗಾದ್ರಪ್ಪ ನನ್ನನ್ನು ಒಳಗೆ ಬಿಟ್ಟ.
ಮಷೀನು, ಕೇಬಲ್ಲು, ಒಂದು ಕಟ್ಟು ರಾಡು.
ಬುತ್ತಿ ಮಾತ್ರ ಹೊರಗಿಡು ಹೊನ್ನೂರಣ್ಣ, ಅಂದ,
ರೊಟ್ಟಿ ವಾಸನೆ ಬಡಿದರೆ
ನಿನ್ನ ಕೆಲಸ ಮುಗಿಯೋತನಕ ಒದರ್ತೈತೆ.

ಮೂವತ್ತು ವರ್ಷದಿಂದ ಕಂಬಿ ಕೂಡಿಸಿದ್ದೇನೆ,
ದುರ್ಗದ ಅರ್ಧ ಊರಿನ ಕಿಟಕಿ ನನ್ನವೇ.
ಯಾವತ್ತೂ ಹೊರಗೆ ನಿಂತು.
ಒಳಮಗ್ಗುಲು ನೋಡಿದ್ದು ಅವತ್ತು:
ಮೊಣಕಾಲೆತ್ತರಕ್ಕೆ ಮೂರು ಕಂಬಿ
ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು.
ತುಕ್ಕು ಹೀಗೆ ಹೊಳೆಯುವುದಿಲ್ಲ.
ಬೆರಳಾಡಿಸಿದೆ. ಸಣ್ಣ ಸಣ್ಣ ತಗ್ಗು,
ಉಳಿಯ ಗುರುತಲ್ಲ, ಹಲ್ಲಿನದು.

ನೆಲದಲ್ಲಿ ಒಂದು ದಾರಿ ಸವೆದಿತ್ತು, ಸಿಮೆಂಟಿನಲ್ಲಿ.
ತೊಟ್ಟಿ ಸುತ್ತಿ, ಅಡ್ಡ ಹಾಯ್ದು, ಮರದ ಬೊಡ್ಡೆ ಸುತ್ತಿ
ಮತ್ತೆ ತೊಟ್ಟಿಗೆ.
ಆರ್‌ಟಿಒ ಮೈದಾನದಲ್ಲಿ ಲೈಸೆನ್ಸಿಗೆ ಹೊಡೆಸುತ್ತಾರಲ್ಲ,
ಆ ಎಂಟು.
ನಾನು ಒಂದೇ ಸಲಕ್ಕೆ ಪಾಸಾಗಿದ್ದೆ.
ಗಂಗಿ ಒಂಬತ್ತು ವರ್ಷದಿಂದ ಹೊಡೆಯುತ್ತಿದ್ದಾಳೆ.

ಮಧ್ಯಾಹ್ನ ಚಳ್ಳಕೆರೆ ಕಡೆಯ ಶಾಲೆ ಮಕ್ಕಳು ಬಂದರು.
ಕರಿ ಮುಖವಾಡ ಹಾಕಿ ಬಗ್ಗಿ ಕೂತಿದ್ದೆ.
ಅಗೋ ಕರಡಿ! ಅಂತ ಒಂದು ಚೀರು.
ಬೆನ್ನಿಗೆ ಕಡ್ಲೆಕಾಯಿ ಬಿತ್ತು.
ಎರಡನೆಯದು. ಮೂರನೆಯದು.
ನಗಬೇಕಿತ್ತು, ನಗೆ ಬರಲಿಲ್ಲ.
ತಿರುಗಿ ನೋಡಬೇಕು ಅನ್ನಿಸಿತು,
ತಿರುಗಿದರೆ ಇನ್ನೊಂದು ಎಸೆಯುತ್ತಾರೆ ಅಂತಲೂ.

ಅವರು ಹೋದ ಮೇಲೆ ಮಷೀನು ಆರಿಸಿದೆ.
ಗುಂಯ್ ಅನ್ನೋದು ನಿಲ್ಲಲಿಲ್ಲ.
ವೈರು ಸಡಿಲವೇನೋ ಅಂತ ಪ್ಲಗ್ಗೇ ಕಿತ್ತೆ.
ಗುಂಯ್, ಹಿಂದಿನ ಕೋಣೆಯಿಂದ.
ಅಂಗಾಲು ಚೀಪ್ತಾಳೆ, ಅಂದ ಗಾದ್ರಪ್ಪ,
ಮರಿ ಮೊಲೆ ಕುಡಿಯೋವಾಗಿನ ಸದ್ದು ಅದು,
ಮುದುಕಿಯಾದ್ರೂ ಬಿಟ್ಟಿಲ್ಲ.
ಕಿಂಡಿಯಲ್ಲಿ ಮೂತಿ ಕಂಡಿತು. ಮೂಗಿನ ಮೇಲೆ ತೂತು,
ಕುಣಿಸುತ್ತಿದ್ದವನು ಕಾಸಿದ ಸರಳಿನಿಂದ ಮಾಡಿದ್ದು.
ಅದೂ ಬೆಂಕಿ, ಕಬ್ಬಿಣದ ಕೆಲಸವೇ.
ಕೈ ಹಿಂದಕ್ಕೆ ಕಟ್ಟಿಕೊಂಡೆ.

ಹೊರಗೆ ಫಲಕ ಇದೆ. ನಾನೇ ಕಾಲು ಕೂಡಿಸಿದ್ದು.
ಆಹಾರ: ಗೆದ್ದಲು, ಜೇನು, ಕಾರೆಹಣ್ಣು.
ಬಕೆಟ್ಟಿನಲ್ಲಿದ್ದದ್ದು ರಾಗಿ ಗಂಜಿ, ಬೆಲ್ಲ.
ವಾಸ: ಕಲ್ಲುಗುಡ್ಡ, ಕುರುಚಲು ಕಾಡು.
ಓದಿ ತಲೆ ಎತ್ತಿದರೆ ಫಲಕದ ಹಿಂದೆಯೇ ಜೋಗಿಮಟ್ಟಿ,
ಕಲ್ಲು, ಕುರುಚಲು, ಮೇಲೆ ತಿರುಗುವ ಗಾಳಿರೆಕ್ಕೆ.
ಸೀತಾಫಲದ ಕಾಲಕ್ಕೆ ಅಲ್ಲಿನ ಕರಡಿಗಳು
ಬೇಲಿತನಕ ಇಳಿಯುತ್ತವಂತೆ.
ಅಂಥ ರಾತ್ರಿ ಗಂಗಿ ಎಂಟು ಹೊಡೆಯುವುದಿಲ್ಲ,
ನಿಂತೇ ಇರುತ್ತಾಳೆ, ಗಾಳಿಗೆ ಮೂಗೊಡ್ಡಿ.

ಬೆಸುಗೆ ಗಟ್ಟಿಯಾಗಿಯೇ ಹಾಕಿದೆ. ಸುಳ್ಳು ಹೇಳಲಾರೆ.
ನನ್ನ ಹೊಟ್ಟೆ ನಡೆಯೋದೇ ಅದರಿಂದ.

ಸಂಜೆ ಡಾಕ್ಟರಮ್ಮ ಸಂಕೋಚದಿಂದ ಕೇಳಿದರು:
ಪೈಪಿನಲ್ಲಿ ಏನಾದರೂ ಮಾಡಬಹುದಾ,
ಒಳಗೆ ಜೇನು ಸವರಿದರೆ ಹುಡುಕಿ ನೆಕ್ಕೋ ಹಾಗೆ,
ಅವಳಿಗೂ ಒಂದು ಕೆಲಸ ಬೇಕಲ್ಲ.
ಹಳೇ ಬೋರ್‌ವೆಲ್ ಪೈಪು, ಎರಡು ಮೊಳ. ಏಳು ತೂತು.
ಅಂಚು ಕೈಗೆ ಚುಚ್ಚದಂತೆ ಅರದಿಂದ ಉಜ್ಜಿದೆ,
ತುಟಿಗೆ ಚುಚ್ಚದಂತೆ ಇನ್ನೊಮ್ಮೆ.
ಜೇಬಿನಲ್ಲಿದ್ದ ಮೂರು ಕಡ್ಲೆಕಾಯಿ ಒಳಗೆ ಹಾಕಿದೆ.
ಇದನ್ನ ಏನಂತ ಬರೀಲಿ, ಅಂದರು ಬಿಲ್ಲಿನ ಗುಮಾಸ್ತರು.
ಬರೀಬೇಡಿ ಅಂದೆ.

ನಾಲ್ಕನೇ ದಿನ ಫೋನು:
ಇವತ್ತು ಮುಟ್ಟಿದಳು ಅಣ್ಣ, ಇಪ್ಪತ್ತು ನಿಮಿಷ
ದಾರಿ ಮರೆತಿದ್ದಳು.
ಆಮೇಲೆ?
ಆಮೇಲೆ ಎಂಟು.

ಅಂಗಡಿಯಲ್ಲಿ ಇನ್ನೂ ಐದಡಿ ಪೈಪು ಬಿದ್ದಿದೆ.
ಸೀಮೆಸುಣ್ಣ ಹಿಡಿದು ಗುರುತು ಹಾಕುತ್ತಾ ಕೂತೆ,
ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ.