ನೆಗೆಣ್ಣಿಯ ಕತ್ತಾಳಿ

ಹೊಲದ ಬದುವಿನ ಕತ್ತಾಳಿ ಅಲ್ಲ ಇದು,
ಹಗ್ಗ ಹೊಸೆಯೋದಲ್ಲ.
ಬೂದಿನೀಲಿ ಮೈ, ಅಂಚಿಗೆ ಹಳದಿ ದಡಿ.
"ಇಳಕಲ್ಲಿನಾಗ ಇದ್ದು ದಡಿ ಇಲ್ಲದ್ದನ್ನ ಯಾರ ತರ್ತಾರ?"
ಅಂದಿದ್ದಳು ಗುರಸಿದ್ದವ್ವ,
ನರ್ಸರಿಯವನ ಕೂಡ ಜಗ್ಯಾಡಿ
ಎಂಬತ್ತು ರೂಪಾಯಿಗೆ ತಂದ ದಿನ.

ಮೊದಲ ವರ್ಷ ನೀರಿನ ಪಾಳಿ ನನ್ನದು.
ತುಳಸಿಗೆ ಹಾಕಿ ಉಳಿದ ತಂಬಿಗೆ
ದಿನಾ ಇದಕ್ಕೂ ಸುರುವಿದೆ.
ಬುಡ ಮೆತ್ತಗಾಯಿತು,
ಕೊಳೆತ ಉಳ್ಳಾಗಡ್ಡಿಯ ವಾಸನೆ.
ಆಕೆ ಬೈಯಲಿಲ್ಲ. ಅದೇ ಕೆಟ್ಟದ್ದು.
ಕಿತ್ತು, ಕೊಳೆತದ್ದನ್ನ ಕುಡಗೋಲಿನಿಂದ ಕೆತ್ತಿ,
ನಾಲ್ಕು ದಿನ ನೆರಳಿಗೆ ಬೋರಲು ಹಾಕಿ,
ಕಲ್ಲು ಪಾಲಿಶ್ ಮಾಡೋ ಫ್ಯಾಕ್ಟರಿಯ ಹಿಂದಿನಿಂದ
ಎರಡು ಪುಟ್ಟಿ ಕೆಂಪು ಚೂರು ಹೊತ್ತು ತಂದು
ದಿಬ್ಬ ಮಾಡಿ ಕೂಡಿಸಿದಳು.
"ಎರಿಮಣ್ಣು ನೀರು ಹಿಡಕೊಂಡು ಕೂಡತೈತಿ,
ನೀ ಮಾತು ಹಿಡಕೊಂಡು ಕೂತಂಗ."
ರಸ ತಾಗಿ ಆಕೆಯ ಮೊಳಕೈತನಕ ದದ್ದು.
ಕೊಬ್ಬರಿ ಎಣ್ಣಿ ಹಚ್ಚಿದವಳು ನಾನು, ಮಾತಿಲ್ಲದೆ.

ಮಕ್ಕಳು ಹಿತ್ತಲದಾಗ ಓಡೋ ಕಾಲಕ್ಕೆ
ಮುಳ್ಳಿನ ತುದಿಗೊಂದೊಂದು ತತ್ತಿಯ ಸಿಪ್ಪಿ ಸಿಗಿಸಿದೆವು.
ನಮ್ಮ ಮನಿಗೆ ತತ್ತಿ ಬರೂದಿಲ್ಲ;
ಮೋದಿನಸಾಬನ ಆಮ್ಲೆಟ್ ಗಾಡಿಯಿಂದ
ಸೆರಗಿನಾಗ ಮುಚ್ಚಿ ತಂದದ್ದು.
ಅತ್ತಿ ಒಂದು ವಾರ ಆ ಕಡೆ ಹಾಯಲಿಲ್ಲ.

ಆಮೇಲೆ ಪಾಲಾಯಿತು.
ಭಾಂಡಿ ಎಣಿಸಿದರು, ಬೋರಿಗೆ ಲೆಕ್ಕ ಹಾಕಿದರು,
ಗಿಡದ ಹೆಸರು ಯಾರೂ ತೆಗೀಲಿಲ್ಲ.
ಆಕೆ ಎರಡು ಓಣಿ ಆಚೆ ಹೋದಳು.
ನಾನು ಬ್ಯಾಸಗಿಗೆ ಹದಿನೈದು ದಿನಕ್ಕೊಂದು ಕೊಡ,
ಮಳಿಗಾಲಕ್ಕೆ ಅದೂ ಇಲ್ಲ.
ಬುಡದ ಸುತ್ತ ಎದ್ದ ಮರಿಗಳನ್ನ
ಹಳೆ ಬಣ್ಣದ ಡಬ್ಬಿಗೆ ಬಿಡಿಸಿ ಇಟ್ಟೆ.
ಒಂದನ್ನೂ ಆಕೆಗೆ ಕಳಿಸಲಿಲ್ಲ.

ಹದಿನೆಂಟು ವರ್ಷದ ಮ್ಯಾಲ, ಈ ಸಲ, ಹೋಳಿ ಮುಗಿದ ವಾರ
ನಡುವಿನಿಂದ ಒಂದು ದಂಟು.
ಗೋಡೆ ದಾಟಿತು, ಮಾಳಿಗೆ ದಾಟಿತು,
ಡಿಶ್ ಛತ್ರಿಯನ್ನೂ.
ಓಣಿಯವರು ಕತ್ತೆತ್ತಿ ಫೋಟೋ ಹೊಡಕೊಂಡರು.
ಕೆಳಗೆ ಎಲೆಗಳು ಒಳಗಿಂದೊಳಗೆ ಬರಿದಾಗಿ
ಜೋತು ಬೀಳತಿದ್ದವು.

ಆಕೆಯ ಮಾಳಿಗೆಯಿಂದ ಕಂಡಿರಬೇಕು.
ಇವತ್ತು ಬಂದಳು, ಚಪ್ಪಲಿ ಬಿಡದೆ
ಸೀದಾ ಹಿತ್ತಲಿಗೆ.
ಒಂದು ಎಲೆ ಎತ್ತಿ ಅದರ ಬೆನ್ನ ಮ್ಯಾಲ ಬೆರಳಾಡಿಸಿದಳು:
ಸುಳಿಯೊಳಗೆ ಅಪ್ಪಿ ಹಿಡಿದಿದ್ದ ಇನ್ನೊಂದು ಎಲೆ
ಹಲ್ಲೂರಿದ ಗುರುತು, ಸಾಲಾಗಿ,
ಇಷ್ಟು ಬಿಸಿಲು ಕುಡಿದರೂ ಮಾಸದ್ದು.

"ಹೂವಾತಂದ್ರ ಇದರದು ಮುಗೀತು."
"ಗೊತ್ತೈತಿ."
"ಮರಿ ಎಷ್ಟದಾವ?"
ಹನ್ನೊಂದು. ಎಣಿಸಿಯೇ ಇಟ್ಟಿದ್ದೆ.
"ನೋಡೂಣು," ಅಂದೆ, "ಮೊದಲ ಚಾ ಕುಡಿ."