ಎರಡು ಬ್ರೇಕಿನ ಗಾಡಿ

ಅಥಣಿ ರಸ್ತೆದಾಗ ಹಳೆ ಗಾಡಿ ಮಾರೂ ಜಿಲಾನಿ
ಬಾನೆಟ್ ಎತ್ತಲಿಲ್ಲ, ಟಾಯರ್ ಒದೀಲಿಲ್ಲ.
ಎಡಗಡೆ ಬಾಗಿಲಾ ತಗದು, ಬಗ್ಗಿ ನೋಡಿ, ಚುಚ್ ಅಂದ.
"ಇಲ್ಲೊಂದು ಬ್ರೇಕು ಹೆಚ್ಚಿಗೆ ಐತಲ್ರೀ ಮಾಸ್ತರ.
ಹಿಂಗ ಬಿಟ್ರ ಮೂವತ್ತೆಂಟು.
ಕಿತ್ತಿ ತಂದ್ರ ನಲವತ್ತು.
ಎರಡೂ ಚಾವಿ ಅದಾವೇನು?"

ಹೆಚ್ಚಿಗೆ!
ಇಪ್ಪತ್ತೆರಡು ವರ್ಷ ಆ ತುಂಡು ಕಬ್ಬಿಣದ ಮ್ಯಾಲೆ
ಕಾಲಿಟ್ಟು ಕುಂತೀನಿ, ಅರ್ಧ ಊರು ಉಳಿಸೀನಿ.
ಗೋಳಗುಮ್ಮಟದ ಮುಂದ ಟಾಂಗಾದ ಕುದುರಿ
ಕನ್ನಡಿಯೊಳಗ ಇಣುಕಿ ನೋಡೂವಷ್ಟು ಹತ್ರ ಬಂದು ನಿಂತದ್ದು
ಯಾರ ಪುಣ್ಯಾ?

ಕಣ್ಣಿನ ಡಾಕ್ಟರಮ್ಮ ದೇಸೂರ ಬಾಯಾರು
ಎದುರಿಗೆ ಲಾರಿ ಬಂತಂದ್ರ ಕಣ್ಣ ಮುಚ್ಚತಿದ್ರು.
ಪೋಸ್ಟಿನ ಹಾವಿನಾಳ, ನಿವೃತ್ತಿ ಆದ ಮರುದಿನಾ ಬಂದಾವ,
ರಿವರ್ಸ್ ಅಷ್ಟ ಚಂದ ಕಲಿತ.
ಮದುವಿ ಹನ್ನೊಂದು ದಿನ ಐತಿ ಅಂದಾಗ ಬಂದಾಕಿ ರುಖಿಯಾ:
"ಅಷ್ಟರಾಗ ಕಲಿಸ್ರಿ. ಆಮ್ಯಾಲೆ ಬಿಡತಾರೋ ಇಲ್ಲೋ."
ಹತ್ತನೇ ದಿನ ಸೋಲಾಪುರ ರಸ್ತೆದಾಗ
ನಾ ಕಾಲು ತಗದು ಮ್ಯಾಲಿಟ್ಟುಕೊಂಡು ಕುಂತಿದ್ದೆ.
ಆಕಿಗೆ ಹೇಳಲಿಲ್ಲ.

ಈಗ ಅದs ಮೊಣಕಾಲು ಮಡಚೂದಿಲ್ಲ.
ಮೂವತ್ತೆಂಟು ಸಾವಿರ ಅಂದ್ರ ಆ ಮೊಣಕಾಲಿನ ಅರ್ಧ ಖರ್ಚು.
ಜಿಲಾನಿ ಮಾರಿದ್ರ ಗಾಡಿ ಇಂಡಿಗೋ ಸಿಂದಗಿಗೋ ಹೋಗಿ
ನಾಲ್ಕು ವರ್ಷ ನಿಂಬಿಹಣ್ಣು ಹೊತ್ತೀತು,
ಬ್ರೇಕು ಒಂದs ಇಟ್ಟಕೊಂಡು, ಎಲ್ಲಾರ ಹಂಗ.

ಐ.ಟಿ.ಐ. ಕಾಲೇಜಿನ ಚಿಕ್ಕಮಠ ಸರ್ ಬಂದದ್ದು ಆಮ್ಯಾಲೆ.
"ರೊಕ್ಕಾ ಇಲ್ರೀ ನಮ್ಮ ಕಡೆ. ದಾನಾ ಕೊಟ್ರ
ನಡುವ ಕೊಯ್ದು ಇಡತೀವಿ,
ಹುಡುಗೂರಿಗೆ ಒಳಗಿಂದೆಲ್ಲಾ ಕಾಣ್ಲಿ ಅಂತ."

ಕೊಯ್ದು.
ಚಹಾ ತಂದ ನಮ್ಮಾಕಿ ಬಾಗಿಲದಾಗ ನಿಂತಳು.
ಅವರು ಹೋದ ಮ್ಯಾಲೆ ಅಂದಳು:
"ನಿಮ್ಮಣ್ಣನ್ನ ಮೆಡಿಕಲ್ ಕಾಲೇಜಿಗೆ ಕೊಟ್ರಿ. ಈಗ ಇದನ್ನೂ ಕೊಡ್ರಿ.
ಕಬ್ಬಿಣ ಪುಕ್ಕಟೆ ಕೊಟ್ರ ನಮ್ಮ ಶನಿ ಹೋಗಿ
ಪಾಪ, ಆ ಹುಡುಗೂರ ಹೆಗಲೇರತೈತಿ, ತಿಳೀತಿಲ್ಲೋ?"

ರಾತ್ರಿ ನಿದ್ದಿ ಬರಲಿಲ್ಲ. ಅಂಗಳದಾಗ ಗಾಡಿಯೊಳಗ ಹೋಗಿ ಕುಂತೆ,
ರೂಢಿಯಂಗ ಎಡಕ್ಕ.
ಬಲಕ್ಕ ಯಾರೂ ಇಲ್ಲ.
"ಕ್ಲಚ್ ಸಾವಕಾಶ ಬಿಡು, ಹಾಲಿನ ಬೋಗುಣಿ ಇಳಿಸಿದಂಗ,"
ಎಷ್ಟ ಸಾವಿರ ಸಲ ಅಂದಿರಬೇಕು ಈ ಮಾತ!
ಒಳಗ ಏನು ಏನಕ್ಕ ತಿಕ್ಕತೈತಿ, ಯಾಕ ನಡುಗತೈತಿ,
ಯಾಕ ಒಮ್ಮೆಲೆ ಸತ್ತು ನಿಲ್ಲತೈತಿ,
ನಾನs ಒಂದು ದಿನ ನೋಡಿಲ್ಲ.

ಫಾರಂ ತುಂಬಾಕ ಕುಂತಾಗ
"ಮಾರಿದವರು" ಅಂತ ಐತಿ, "ಕೊಂಡವರು" ಅಂತ ಐತಿ.
ಕೊಟ್ಟವರು ಅನ್ನಾಕ ಜಾಗಾ ಎಲ್ಲೆ ಐತಿ?
ಚಿಕ್ಕಮಠ ಸರ್ ಕಿಸೆದಿಂದ ಹನ್ನೊಂದು ರೂಪಾಯಿ ತಗದು
ಟೇಬಲ್ ಮ್ಯಾಲೆ ಇಟ್ರು, ಮಾರಿ ಸಣ್ಣದು ಮಾಡಿ:
"ನಮ್ಮವ್ವ ಕೊಟ್ಟಾಳ್ರೀ. ಕಬ್ಬಿಣ ಹಂಗs ತರಬಾರದಂತ."
ನಮ್ಮಾಕಿ ನಕ್ಕು ಎರಡನೇ ಸಲ ಚಹಾಕ್ಕ ಇಟ್ಟಳು.
ಹಂಗಾರ ಮಾರಿದ್ನೋ, ಕೊಟ್ನೋ?
ಹನ್ನೊಂದರಾಗ ಮೊಣಕಾಲಿಗೆ ಒಂದು ಮುಲಾಮೂ ಬರೂದಿಲ್ಲ.

ನಾನs ಹೊಡಕೊಂಡು ಹೋದೆ, ಮೊದಲನೇ ಸಲ ಬಲಗಡೆ ಕುಂತು.
ದಾರಿಗುಂಟ ಎಡಗಡೆ ಸೀಟು ಖಾಲಿ ಖಾಲಿ,
ಗಾಂಧಿ ಚೌಕದಾಗ ಎರಡು ಸಲ ಬಂದ್ ಬಿತ್ತು.
ಹಿಂದಿನ ಆಟೋದಾವ ಬೈದ:
"ಏ ಮುದುಕಾ, ಕಲಿಯಾಕ ಹೊಂಟಿ ಏನು?"
ಮ್ಯಾಲಿನ ಬೋರ್ಡಿನ್ನೂ ತಗದಿರಲಿಲ್ಲ.

ಶೆಡ್ಡಿನಾಗ ನಿಲ್ಲಿಸಿದೆ. ನೀಲಿ ಅಂಗಿ ಹುಡುಗೂರು,
ಇಬ್ಬರು ಹುಡುಗ್ಯಾರು, ಸುತ್ತ ಬಂದು ನಿಂತ್ರು.
ಒಬ್ಬಾಕಿ ಸೀಸಕಡ್ಡಿ ಹಿಡಿದು ಬಾಗಿಲದ ನಡುವ ಗೆರಿ ಎಳದಳು,
ಅಂಗಿ ಬೆರಸೂ ದರ್ಜಿ ಹಂಗ, ಒಂದs ಸಲಕ್ಕ.

ಸಹಿ ಮಾಡಿದೆ. ಫೋಟೋ ತಗದ್ರು. ಬಿಸ್ಕೀಟ್ ಕೊಟ್ರು.
ಮನಿ ಮುಟ್ಟಿ ಕಿಸೆದಾಗ ಕೈ ಹಾಕಿದ್ರ
ಎರಡೂ ಚಾವಿ ಅಲ್ಲೇ ಅದಾವ.
ಅವು ಬೇಕಂತ ಯಾರೂ ಕೇಳಿರಲಿಲ್ಲ.